ಕಹಿ ಬೇರು ಬಿಡುವ ಮೊದಲೇ

ದೋಹಾ
ಭಾನುವಾರ ರಾತ್ರಿ

ಪ್ರೀತಿಯ ತಮ್ಮನಿಗೆ,

ತೋಟದ ಪಾಲಿನ ವಿಷಯಕ್ಕೆ ದೊಡ್ಡಪ್ಪನ ಮನೆಯವರ ಮೇಲೆ ನಿನಗಿರುವ ಸಿಟ್ಟು ಇನ್ನೂ ಇಳಿದಿಲ್ಲ ಅಂತ ಅಮ್ಮ ಹೇಳಿದಳು. ಫೋನಿನಲ್ಲಾದರೆ ಮಾತಿಗೆ ಮಾತು ಬೆಳೆಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ, ನಿಧಾನವಾಗಿ ಓದು.

ಸಿಟ್ಟು ಬಂದದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಸಂತ ಪೌಲರು ಎಫೆಸದವರಿಗೆ ಬರೆದದ್ದೂ (4:26) ಅಷ್ಟೇ: ಸಿಟ್ಟು ಬಂದರೂ ಪಾಪ ಮಾಡಬೇಡಿ, ಹೊತ್ತು ಮುಳುಗುವುದರೊಳಗೆ ಅದು ಆರಲಿ. ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮುಂಚೆಯೇ ಔಷಧಿ ಹೊಡೆಯಬೇಕಲ್ಲ, ಹಾಗೆ. ಉದುರಿದ ಕಾಯಿ ಮತ್ತೆ ಗೊನೆಗೆ ಅಂಟುವುದಿಲ್ಲ. ಹಿಬ್ರಿಯರಿಗೆ ಬರೆದ ಪತ್ರ (12:15) ಇದನ್ನು ಕಹಿಯಾದ ಬೇರು ಅನ್ನುತ್ತದೆ. ಅದು ಚಿಗುರಿದರೆ ಅನೇಕರು ಕೆಡುತ್ತಾರೆ. ಎರಡೂ ಮನೆಯ ಮಕ್ಕಳು ಒಟ್ಟಿಗೆ ಆಡುವುದನ್ನೇ ಬಿಟ್ಟಿದ್ದಾರಂತೆ. ಆ ಮಕ್ಕಳಿಗೆ ಪಹಣಿ ಅಂದರೇನು ಅಂತಲೂ ಗೊತ್ತಿಲ್ಲ ಕಣೋ.

‘ಆಯ್ತು, ಕ್ಷಮಿಸಿದೆ’ ಅಂತ ಬಾಯಲ್ಲಿ ಅಂದು ಮುಗಿಸಬೇಡ. ಹೋದದ್ದೆಷ್ಟು ಅಂತ ಲೆಕ್ಕ ಹಾಕದೆ ಬಿಟ್ಟ ಸಾಲ ಮನಸ್ಸಿನಲ್ಲಿ ಬಡ್ಡಿ ಬೆಳೆಸುತ್ತಲೇ ಇರುತ್ತದೆ. ಒಂದು ಹಾಳೆ ತಗೊಂಡು ಬರೆ. ಯಾರು, ಏನು ಮಾಡಿದರು, ನನಗೆ ಏನು ಹೋಯಿತು. ಗುಂಟೆ ಲೆಕ್ಕ ಒಂದು ಸಾಲು, ನಾಲ್ಕು ಜನರೆದುರು ಆಡಿದ ಮಾತು ಇನ್ನೊಂದು ಸಾಲು. ‘ಅವರು ಯಾವಾಗಲೂ ಹೀಗೇ’ ಅಂತ ಮಾತ್ರ ಬರೆಯಬೇಡ, ಅದು ಲೆಕ್ಕವಲ್ಲ, ತೀರ್ಪು. ಬರೆದದ್ದನ್ನು ದೇವರೆದುರು ಗಟ್ಟಿಯಾಗಿ ಓದು. ಬಾಯಿ ಬರದಿದ್ದರೆ 55ನೇ ಕೀರ್ತನೆ ತೆಗೆ. ಆಪ್ತನಾದವನೇ ಎರಡು ಬಗೆದದ್ದಕ್ಕೆ ಅತ್ತ ಅಳು ಅದು.

ಆಮೇಲೆ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಾಲದ ಕಥೆ ಓದು. ಒಡೆಯ ಆಳಿಗೆ ಬಿಟ್ಟುಕೊಟ್ಟ ಸಾಲ 10,000 ತಲಾಂತು. ಒಂದು ತಲಾಂತು ಸುಮಾರು 6,000 ದಿನಾರಿ, ಒಂದು ದಿನಾರಿ ಒಂದು ದಿನದ ಕೂಲಿ. ಅಂದರೆ ಆರು ಕೋಟಿ ದಿನದ ಕೂಲಿ! ಆ ಆಳು ಜೊತೆಯವನ ಕುತ್ತಿಗೆ ಹಿಡಿದದ್ದು 100 ದಿನಾರಿಗೆ. ಯೇಸುಸ್ವಾಮಿ ಆ ನೂರನ್ನು ಸೊನ್ನೆ ಅನ್ನಲಿಲ್ಲ, ಗಮನಿಸು. ಮೂರು ತಿಂಗಳ ದುಡಿಮೆ ಹೋದರೆ ನೋವಾಗಿಯೇ ಆಗುತ್ತದೆ. ನಿನ್ನ ಹಾಳೆಯನ್ನು ಆ ಆರು ಕೋಟಿಯ ಪಕ್ಕದಲ್ಲಿಟ್ಟು ನೋಡಿ, ‘ಇದನ್ನು ವಸೂಲಿ ಮಾಡುವ ಕೆಲಸ ನಿನ್ನದು ಸ್ವಾಮಿ’ ಅಂತ ಹೇಳಿ ಒಲೆಗೆ ಹಾಕು.

ಮರುದಿನ ಬೆಳಿಗ್ಗೆ ಅದೇ ಸಿಟ್ಟು ಮತ್ತೆ ಬರುತ್ತದೆ. ನನ್ನ ಕ್ಷಮೆ ಸುಳ್ಳಾಯಿತು ಅಂತ ತುಂಬ ಜನ ಕೈಬಿಡುವುದು ಇಲ್ಲೇ. ಏಳೆಪ್ಪತ್ತು ಸಲ ಕ್ಷಮಿಸು ಅಂತ ಅದೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ್ದು ಒಂದೇ ತಪ್ಪು ಮತ್ತೆ ಮತ್ತೆ ನೆನಪಾದಾಗಲೂ ಸಲ್ಲುತ್ತದೆ ಅಂತ ನನ್ನ ನಂಬಿಕೆ. ಬಂದಾಗಲೆಲ್ಲ ಅವರ ಹೆಸರು ಹಿಡಿದು ಒಂದು ಒಳ್ಳೆಯದನ್ನು ಕೇಳಿಕೋ. ಅವರ ಮಗಳ ಪರೀಕ್ಷೆಯೋ, ದೊಡ್ಡಮ್ಮನ ಮಂಡಿನೋವೋ, ಇಂಥದ್ದೇ ಅಂತ ಇರಲಿ. ‘ಅವರಿಗೆ ಒಳ್ಳೇ ಬುದ್ಧಿ ಕೊಡು’ ಅನ್ನುವ ಪ್ರಾರ್ಥನೆ ಬೇಡ, ಅದರೊಳಗೆ ಸಿಟ್ಟೇ ಕೂತಿರುತ್ತದೆ.

ಮಾತಾಡುವ ಕ್ರಮವೂ ಅದೇ ಅಧ್ಯಾಯದಲ್ಲಿದೆ: ಮೊದಲು ಒಬ್ಬನೇ ಹೋಗು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಸಭೆಗೆ, ಅಂದರೆ ಚರ್ಚಿನವರಿಗೆ, ತಿಳಿಸುವುದು ಅದಾದ ಮೇಲೆ. ನಮ್ಮ ಕಡೆ ಇದು ತಿರುಗುಮುರುಗು: ಮೊದಲು ಊರಿಗೆಲ್ಲ ಗೊತ್ತಾಗುತ್ತದೆ, ಕೊನೆಗೆ ಆ ಮನೆಯವರಿಗೆ. ಮಾತು ಹೇಗಿರಬೇಕು ಅಂದರೆ, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವ ಹಾಗೆ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಬ್ಬಿಣದ ಕತ್ತಿ ಅದ್ದಿ ತೆಗೆದಾಗ ಕೆಂಪು ಹಿಡಿದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಸತ್ಯವನ್ನು ಹೇಳಲೇಬೇಕು, ಪ್ರೀತಿ ಸಾಲದ ಸತ್ಯ ಮಾತ್ರ ಬೇಡ.

ಕ್ಷಮಿಸಿದರೆ ಪಾಲು ಬಿಟ್ಟ ಹಾಗೆ ಅಂತ ಹೆದರಬೇಡ. 1999ರಲ್ಲಿ ಒಡಿಶಾದಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಸುಟ್ಟು ಕೊಂದವರನ್ನು ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದರು. ಕೇಸು ತನ್ನ ಪಾಡಿಗೆ ನಡೆಯಿತು, 2003ರಲ್ಲಿ ಶಿಕ್ಷೆಯೂ ಆಯಿತು. ನೀನೂ ಸರ್ವೆಗೆ ಅರ್ಜಿ ಕೊಡು, ಪಹಣಿ ಸರಿಮಾಡಿಸು. ಬೈಬಲಿನ ಜೋಸೆಫನೂ ತನ್ನನ್ನು ಮಾರಿದ ಅಣ್ಣಂದಿರನ್ನು ಪರೀಕ್ಷೆ ಮಾಡಿ ನೋಡಿದ ಮೇಲೆಯೇ ತಾನು ಯಾರು ಅಂತ ತೋರಿಸಿಕೊಂಡದ್ದು. ಕ್ಷಮೆ ಇವತ್ತೇ ಕೊಡಬಹುದು, ನಂಬಿಕೆ ಬೆಳೆಯಲು ಕಾಲ ಬೇಕು.

ಬರುವ ಭಾನುವಾರ ಪೂಜೆಯಲ್ಲಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಆದ ಮೇಲೆ ಸಮಾಧಾನ ಹೇಳಿಕೊಳ್ಳುವ ಹೊತ್ತಿನಲ್ಲಿ ಅವರ ಬೆಂಚಿನ ಕಡೆ ತಿರುಗಿ ಕೈ ಮುಗಿ. ಅಷ್ಟು ಸಾಕು, ಮೊದಲ ದಿನಕ್ಕೆ.

ಇಂತಿ ನಿನ್ನ ಅಕ್ಕ