ಕುಮ್ಮಕ್ಕು ಕೊಟ್ಟವರನ್ನು ಪಂಚರಾಗಿ ಕೂಡಿಸಬೇಡಿ

ಮಾನ್ಯ ಸಂಪಾದಕರೇ,

ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಹೊಲದ ಬದುವಿಗಾಗಿ, ಬಂಡಿದಾರಿಗಾಗಿ ಹೊಡೆದಾಟವಾದಾಗ ಕೊಡಲಿ ಎತ್ತಿದ ಹುಡುಗ ಜೈಲು ಸೇರುತ್ತಾನೆ. ‘ನೀ ಹೊಡಿ, ಮುಂದಿಂದು ನಾ ನೋಡ್ಕೋತೀನಿ’ ಎಂದು ಅವನನ್ನು ಛೂ ಬಿಟ್ಟ ಹಿರಿಯರು ಅದೇ ಊರಿನಲ್ಲಿ ಪಂಚರಾಗಿ ಕುಳಿತು ರಾಜಿ ಮಾಡಿಸುತ್ತಾರೆ. ಇದು ನನಗೆ ಸಹಿಸಲಾಗದ ಸಂಗತಿ.

ಇಂಥ ಹೊಣೆಯ ಪ್ರಶ್ನೆಯನ್ನು ಯಹೂದಿ ಧರ್ಮಶಾಸ್ತ್ರ ಆಳವಾಗಿ ವಿಚಾರಿಸಿದೆ. ವಿವಾಹ, ವಿಚ್ಛೇದನಗಳಲ್ಲಿ ಪ್ರತಿನಿಧಿ ಮಾಡಿದ್ದು ಕಳುಹಿಸಿದವನೇ ಮಾಡಿದಂತೆ ಎನ್ನುವ ತಾಲ್ಮುದ್ (ಯಹೂದಿ ಗುರುಗಳ ಧರ್ಮಚರ್ಚೆಗಳ ಪ್ರಾಚೀನ ಸಂಗ್ರಹ), ಪಾಪಕಾರ್ಯಕ್ಕೆ ಮಾತ್ರ ಪ್ರತಿನಿಧಿತ್ವವೇ ಇಲ್ಲ ಎನ್ನುತ್ತದೆ. ಗುರುವಿನ ಮಾತು ಒಂದು, ಶಿಷ್ಯನ ಮಾತು ಇನ್ನೊಂದಾದರೆ ಕೇಳಬೇಕಾದದ್ದು ಯಾರ ಮಾತನ್ನು ಎಂಬುದು ಅದರ ತರ್ಕ. ದೇವರು ಬೇಡವೆಂದದ್ದನ್ನು ಮನುಷ್ಯನೊಬ್ಬ ಮಾಡೆಂದರೆ ಮಾಡಿದವನೇ ಹೊಣೆಗಾರ. ಕೊಡಲಿ ಎತ್ತುವ ನಮ್ಮ ಹುಡುಗರಿಗೂ ಈ ಮಾತು ತಲುಪಬೇಕು.

ಹಾಗೆಂದು ಹೇಳಿ ಮಾಡಿಸಿದವನು ನಿರ್ದೋಷಿಯಾಗುವುದಿಲ್ಲ. ಬೈಬಲಿನ ಕಥೆಯಲ್ಲಿ ದಾವೀದ ಅರಸನು ಪತ್ರ ಬರೆದು ತನ್ನ ಸೈನಿಕ ಊರೀಯನನ್ನು ಯುದ್ಧದ ಮುಂಚೂಣಿಗೆ ನಿಲ್ಲಿಸಿದನು. ಅವನನ್ನು ಕೊಂದದ್ದು ಅಮ್ಮೋನಿಯರ ಕತ್ತಿಯಾದರೂ ಪ್ರವಾದಿ ನಾತಾನನು ಕೊಲೆಯನ್ನು ಅರಸನ ಮೇಲೆಯೇ ಹೊರಿಸಿದನು. ಇದನ್ನೇ ಆಧಾರವಾಗಿಟ್ಟುಕೊಂಡು, ಕೊಲ್ಲಲು ಕಳುಹಿಸಿದವನೂ ಅಪರಾಧಿಯೆಂಬ ಪ್ರಾಚೀನ ಯಹೂದಿ ಗುರು ಶಮ್ಮಾಯ್ ಅವರ ಅಭಿಪ್ರಾಯವನ್ನು ತಾಲ್ಮುದ್ ದಾಖಲಿಸಿದೆ. 12ನೇ ಶತಮಾನದ ಯಹೂದಿ ಧರ್ಮಶಾಸ್ತ್ರಜ್ಞ ಮೈಮೊನಿಡೀಸ್ ಪ್ರಕಾರ ಬಾಡಿಗೆ ಹಂತಕನನ್ನು ಕಳುಹಿಸಿದವನು ರಕ್ತ ಹರಿಸಿದವನೇ; ನ್ಯಾಯಸಭೆ ಅವನಿಗೆ ಮರಣದಂಡನೆ ವಿಧಿಸುವಂತಿಲ್ಲವಾದರೂ ದೇವರ ತೀರ್ಪಿನಿಂದ ಅವನಿಗೆ ಬಿಡುಗಡೆಯಿಲ್ಲ. ಅರಸನು ಲೋಕವ್ಯವಸ್ಥೆಗಾಗಿ ಅವನನ್ನು ಕೊಲ್ಲಿಸಬಹುದು, ಇಲ್ಲವಾದರೆ ನ್ಯಾಯಸಭೆ ಕಠಿಣವಾಗಿ ಹೊಡೆಸಿ ಸೆರೆಯಲ್ಲಿಡಬೇಕು ಎಂದೂ ಅವರು ಬರೆಯುತ್ತಾರೆ. ವಿಗ್ರಹಾರಾಧನೆಗೆ ಪ್ರೇರೇಪಿಸಿದವನಿಗಂತೂ ಬೈಬಲಿನ ಧರ್ಮೋಪದೇಶಕಾಂಡವು ಮರಣದಂಡನೆಯನ್ನೇ ವಿಧಿಸುತ್ತದೆ.

ನಮ್ಮ ಕಾನೂನು ಈ ವಿಷಯದಲ್ಲಿ ಇನ್ನೂ ನೇರವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಂತೆ, ಪ್ರಚೋದನೆಯಿಂದ ಅಪರಾಧ ನಡೆದಿದ್ದು ಬೇರೆ ಶಿಕ್ಷೆ ಹೇಳಿಲ್ಲವಾದರೆ ಪ್ರಚೋದಕನಿಗೂ ಆ ಅಪರಾಧದ ಶಿಕ್ಷೆಯೇ ಇದೆ. ಆದರೆ ಕಟ್ಟೆಯ ಮೇಲೆ ಕಿವಿಯಲ್ಲಿ ಆಡಿದ ಮಾತಿಗೆ ಸಾಕ್ಷಿ ಸಿಗುವುದು ಕಷ್ಟ, ಸಾಕ್ಷಿ ಹೇಳುವ ಧೈರ್ಯ ಸಿಗುವುದು ಇನ್ನೂ ಕಷ್ಟ. ಆದ್ದರಿಂದ ಪೊಲೀಸರು ಇಂಥ ಪ್ರಕರಣಗಳಲ್ಲಿ ಏಟು ಹಾಕಿದವನಲ್ಲಿಗೇ ತನಿಖೆ ನಿಲ್ಲಿಸದೆ, ಅವನನ್ನು ಯಾರು ಕಳುಹಿಸಿದರೆಂಬುದನ್ನೂ ಶೋಧಿಸಬೇಕು. ಕೋರ್ಟಿನಲ್ಲಿ ಸಾಬೀತಾಗದಿದ್ದರೂ ಯಾರು ಹಚ್ಚಿಕೊಟ್ಟರೆಂಬುದು ಊರಿಗೆ ಚೆನ್ನಾಗಿ ಗೊತ್ತಿದ್ದಲ್ಲಿ, ಅಂಥವರನ್ನು ಪಂಚರ ಸಾಲಿನಲ್ಲಿ ಕೂಡಿಸದಂತೆ ಊರಿನವರು ನಿರ್ಧರಿಸಲಿ; ಸತ್ತವನ ಮತ್ತು ಜೈಲು ಸೇರಿದವನ, ಎರಡೂ ಮನೆಗಳ ಮಕ್ಕಳ ಓದಿನ ಖರ್ಚನ್ನು ಅವರೇ ಹೊರುವಂತೆ ಕೇಳಲಿ.

– ಓದುಗ, ವಿಜಯಪುರ