ವಿರ್ಗೋಹಾಮ್ನಾ: ಗೆಳೆಯನಿಗೊಂದು ಪತ್ರ

ಪ್ರೀತಿಯ ರಘು,

ಎರಡು ದಿನದಿಂದ ಒಂದೇ ಕೊಲ್ಲಿಯ ನಕ್ಷೆ ಹಿಡಿದು ಕೂತಿದ್ದೇನೆ ಕಣೋ. ಸ್ವಾಲ್‌ಬಾರ್ಡ್ ಗೊತ್ತಲ್ವಾ, ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇರುವ, ನಾರ್ವೆಗೆ ಸೇರಿದ ಆ ದ್ವೀಪಗಳ ಗುಂಪು? ಅದರ ವಾಯವ್ಯ ಮೂಲೆಯಲ್ಲಿ ಡಾನ್ಸ್‌ಕೋಯಾ ಎಂಬ ಚಿಕ್ಕ ದ್ವೀಪವಿದೆ. ಅದರ ಉತ್ತರ ದಡದಲ್ಲಿ, ಬೆಟ್ಟಗಳ ಬುಡಕ್ಕೆ ಅಂಟಿಕೊಂಡಂತೆ ಒಂದು ಪುಟ್ಟ ಕೊಲ್ಲಿ. ಹೆಸರು ವಿರ್ಗೋಹಾಮ್ನಾ. ಉತ್ತರ ಧ್ರುವ ಅಲ್ಲಿಂದ 1,100 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ವಿರ್ಗೊ ಅಂದರೆ ಕನ್ಯಾ ರಾಶಿ ಅಲ್ವಾ, ಅದಕ್ಕೂ ಈ ಹಿಮದ ದಡಕ್ಕೂ ಏನು ಸಂಬಂಧ ಅಂತ ನನಗೆ ಮೊದಲು ಅನ್ನಿಸಿತು. ಸಂಬಂಧ ಇಲ್ಲ. ಹಾಮ್ನಾ ಅಂದರೆ ಬಂದರು, ಇಲ್ಲಿ ವಿರ್ಗೊ ಅಂದರೆ 1896ರಲ್ಲಿ ಅಲ್ಲಿ ಲಂಗರು ಹಾಕಿದ ಒಂದು ಹಡಗು. ಬಲೂನಿನಲ್ಲಿ ಕೂತು ಧ್ರುವಕ್ಕೆ ಹಾರಬೇಕೆಂದು ಹೊರಟಿದ್ದ ಸ್ವೀಡನ್ನಿನ ಆಂಡ್ರೇ ತನ್ನ ಜನರನ್ನೂ ಸಾಮಾನನ್ನೂ ತಂದಿದ್ದು ಅದರಲ್ಲೇ. ಬಲೂನಿಗೆ ಮರದ ಮನೆ ಕಟ್ಟಿದರು, ಆಸಿಡ್ ಬಳಸಿ ಅಲ್ಲೇ ಹೈಡ್ರೋಜನ್ ತಯಾರಿಸಿ ತುಂಬಿದರು, ಆಮೇಲೆ ದಕ್ಷಿಣದ ಗಾಳಿಗಾಗಿ ಬೇಸಿಗೆಯಿಡೀ ಕಾದರು. ಗಾಳಿ ಬರಲಿಲ್ಲ. ವಾಪಸ್ ಹೋದರು. ಹೆಸರು ಮಾತ್ರ ಅಲ್ಲೇ ಉಳಿಯಿತು.

ಅದಕ್ಕೂ ಮುಂಚೆ ಇಲ್ಲಿ ಡಚ್ಚರಿದ್ದರು. 17ನೇ ಶತಮಾನದಲ್ಲಿ ತಿಮಿಂಗಿಲ ಬೇಟೆಗೆ ಬಂದು, ಇದೇ ದಡದಲ್ಲಿ ಒಲೆ ಹೂಡಿ ಕೊಬ್ಬು ಕರಗಿಸಿ ಎಣ್ಣೆ ತೆಗೆಯುತ್ತಿದ್ದರು. ದಕ್ಷಿಣದಿಂದ ಬರುವ ಬೆಚ್ಚಗಿನ ಪ್ರವಾಹ ಈ ಪಶ್ಚಿಮದ ಕಡಲನ್ನು ಅಷ್ಟಾಗಿ ಹೆಪ್ಪುಗಟ್ಟಲು ಬಿಡುವುದಿಲ್ಲ, ಅದಕ್ಕೇ ಬೇಟೆಗಾರರಿಗೂ ಬಲೂನಿನವರಿಗೂ ಇಷ್ಟು ಉತ್ತರದವರೆಗೆ ಹಡಗು ತರಲು ಆಯಿತು. ಎದುರಿಗಿನ ದ್ವೀಪ ಆಮ್‌ಸ್ಟರ್‌ಡಾಮೋಯಾ, ಅಲ್ಲಿನ ಸ್ಮೀರೆನ್‌ಬರ್ಗ್ ಅಂದರೆ ಡಚ್ ಭಾಷೆಯಲ್ಲಿ ಕೊಬ್ಬಿನ ಊರು. ಡಾನ್ಸ್‌ಕೋಯಾ ಡೇನರ ದ್ವೀಪ. ಸ್ವಾಲ್‌ಬಾರ್ಡ್‌ನಲ್ಲಿ ಮೂಲನಿವಾಸಿಗಳೇ ಇರಲಿಲ್ಲ ನೋಡು, ಹಾಗಾಗಿ ಒಂದೊಂದು ಹೆಸರೂ ಹೊರಗಿನಿಂದ ಬಂದವರು ಇಟ್ಟಿದ್ದೇ. ಆ ಎಣ್ಣೆಗಾಗಿ ಅಲ್ಲಿನ ಬೋಹೆಡ್ ತಿಮಿಂಗಿಲಗಳನ್ನು ಹೆಚ್ಚುಕಡಿಮೆ ಮುಗಿಸಿಯೇ ಬಿಟ್ಟರು. ಅದನ್ನು ಓದಿದಾಗಿನಿಂದ ಕೊಬ್ಬಿನ ಊರು ಅನ್ನುವ ಹೆಸರು ನನ್ನ ಮನಸ್ಸಿನಿಂದ ಹೋಗುತ್ತಲೇ ಇಲ್ಲ.

ಆಂಡ್ರೇ ಮರುವರ್ಷ ಮತ್ತೆ ಬಂದ. 1897ರ ಜುಲೈ 11ರಂದು ಸ್ಟ್ರಿಂಡ್‌ಬರ್ಗ್, ಫ್ರೆಂಕೆಲ್ ಎಂಬ ಇಬ್ಬರು ಸಂಗಾತಿಗಳ ಜೊತೆ ಹಾರಿದ. ಬಲೂನು ಏಳುತ್ತಿದ್ದಂತೆ ಕೊಲ್ಲಿಯ ನೀರಿಗೆ ತಾಗುವಷ್ಟು ಕೆಳಗಿಳಿದು, ಮತ್ತೆ ಮೇಲೆದ್ದು ಹೋಯಿತು. ಮೂರು ದಿನಕ್ಕೆ ಮಂಜುಗಡ್ಡೆಯ ಮೇಲೆ ಇಳಿಯಬೇಕಾಯಿತು. ತಿಂಗಳುಗಟ್ಟಲೆ ನಡೆದು ಸ್ವಾಲ್‌ಬಾರ್ಡ್‌ನದೇ ಆದ ಕ್ವಿಟೋಯಾ ದ್ವೀಪ ಸೇರಿದರು, ಅಲ್ಲೇ ತೀರಿಕೊಂಡರು. ಅವರ ಅವಶೇಷ ಸಿಕ್ಕಿದ್ದು 1930ರಲ್ಲಿ. ಜೊತೆಗಿದ್ದ ಫಿಲ್ಮ್‌ಗಳನ್ನು 33 ವರ್ಷದ ಮೇಲೆ ತೊಳೆದರೆ ಚಿತ್ರಗಳು ಮೂಡಿದವು ಕಣೋ! ಮಂಜಿನ ಮೇಲೆ ವಾಲಿ ಬಿದ್ದ ಬಲೂನು, ಅದನ್ನು ನೋಡುತ್ತಾ ನಿಂತ ಇಬ್ಬರು. ಆ ಚಿತ್ರ ನೋಡಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

1906ರಿಂದ ಅಮೆರಿಕದ ವೆಲ್‌ಮನ್ ಕೂಡ ಇಲ್ಲಿಂದಲೇ ವಾಯುನೌಕೆಯಲ್ಲಿ ಹೋಗಲು ಪ್ರಯತ್ನಿಸಿದ, ಧ್ರುವ ಮುಟ್ಟಲಿಲ್ಲ. ಈಗ ದಡದಲ್ಲಿ ಕುಸಿದ ಮರ, ತುಕ್ಕು ಹಿಡಿದ ಕಬ್ಬಿಣ, ಹಳೇ ಒಲೆಗಳ ಗುರುತು ಬಿದ್ದಿವೆ. ಯಾರೂ ತುಳಿದು ಹಾಳು ಮಾಡದಿರಲಿ ಅಂತ, ಅಲ್ಲಿ ಇಳಿಯಬೇಕಾದರೆ ಸ್ವಾಲ್‌ಬಾರ್ಡ್ ಗವರ್ನರ್ ಅನುಮತಿ ಬೇಕು.

ಆಂಡ್ರೇ ಮತ್ತವನ ಜೊತೆಗಾರರು ಕೊನೆಗೆ ಡೇರೆ ಹಾಕಿದ ಕ್ವಿಟೋಯಾದ ದಡಕ್ಕೆ ಆಂಡ್ರೇನೆಸೆಟ್ ಅಂತ ಹೆಸರಿದೆ. ಹಾರಿದ ಜಾಗಕ್ಕೆ ಸಾಮಾನು ಹೊತ್ತು ತಂದ ಹಡಗಿನ ಹೆಸರು, ಸತ್ತ ಜಾಗಕ್ಕೆ ಅವನ ಹೆಸರು. ಎರಡನ್ನೂ ನಕ್ಷೆಯಲ್ಲಿ ಹುಡುಕಿ ನೋಡು, ನಡುವೆ ಎಷ್ಟು ದೂರ ಅಂತ ತಿಳಿಯುತ್ತದೆ.

ನಿನ್ನ,
ಸುರೇಶ