ಜೋಶುವಾ ಮರದ ಪತಂಗ ಬಿಳಿಯದಲ್ಲ, ಕಪ್ಪು

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಜೋಶುವಾ ಮರದ ಲೇಖನ ನೋಡಿ ಖುಷಿಯಾಯಿತು. ಅದು ಬೆಳೆಯುವ ಅಮೆರಿಕದ ಮೊಹಾವಿ ಮರುಭೂಮಿಯ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದೇ ಅಪರೂಪ. ಆದರೆ ಜೊತೆಗೆ ಹಾಕಿದ ಪತಂಗದ ಫೋಟೋ ತಪ್ಪು. ಆ ಬಿಳಿ ರೆಕ್ಕೆಯದು ಟೆಜೆಟಿಕ್ಯುಲಾ ಯುಕ್ಕಾಸೆಲ್ಲಾ. ಜೋಶುವಾ ಮರ ಯುಕ್ಕಾ ಎಂಬ ಗಿಡಗಳ ಗುಂಪಿನದು. ಅದೂ ಯುಕ್ಕಾ ಪತಂಗವೇ, ಆದರೆ ಬೇರೆ ಯುಕ್ಕಾ ಗಿಡಗಳದ್ದು. ಜೋಶುವಾ ಮರದ್ದು ಕಪ್ಪು.

ನಾನಿರುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಮಾರ್ಚ್‌ನಲ್ಲಿ ಜೋಶುವಾ ಟ್ರೀ ನ್ಯಾಷನಲ್ ಪಾರ್ಕಿಗೆ ಹೋದಾಗ ಕೈಗೆಟುಕುವ ಒಂದು ಗೊಂಚಲಲ್ಲಿ ಅದನ್ನು ಕಂಡೆ. ಹೂವಿನ ಎಸಳು ದಪ್ಪ, ತೊಗಲಿನ ಹಾಗೆ, ಪೂರ್ತಿ ಅರಳುವುದೂ ಇಲ್ಲ. ಒಳಗೆ ಉಗುರಿನಷ್ಟು ಪತಂಗ. ಮಸಿ ಬಣ್ಣ, ಕಿರಿದಾದ ರೆಕ್ಕೆ, ಸುಮ್ನೆ ನೋಡಿದರೆ ಯಾವುದೋ ಕಣಜ ಅನ್ನಬೇಕು. ತಲೆಯ ಕೆಳಗೆ ಹಳದಿ ಉಂಡೆಯೊಂದನ್ನು ಅವಚಿಕೊಂಡಿತ್ತು. ಅದು ಪರಾಗ! ಹೆಣ್ಣಿನ ಬಾಯಿಯ ಹತ್ತಿರ ಇದಕ್ಕೆಂದೇ ಪುಟ್ಟ ಕೈಗಳಂಥ ಎರಡು ಅಂಗಗಳಿವೆ, ಗಂಡಿಗೆ ಅವಿಲ್ಲ. ಹೂವಿನ ನಡುವಿನ ಶಲಾಕೆಯನ್ನು, ಅಂದರೆ ಕಾಯಿಯಾಗುವ ಭಾಗದ ಮೇಲಿನ ಕಡ್ಡಿಯಂಥದ್ದನ್ನು, ಕೊರೆದು ಮೊಟ್ಟೆ ಇಡುತ್ತದೆ, ಆಮೇಲೆ ಅದರ ತುದಿಗೆ ಹತ್ತಿ ಪರಾಗವನ್ನು ಒತ್ತಿ ತುಂಬುತ್ತದೆ. ಜೇನಿನಂತೆ ಮೈಗೆ ಅಂಟಿಸಿಕೊಂಡು ಬಂದದ್ದು ತಾನಾಗಿ ಉದುರುವುದಲ್ಲ, ಬೇಕೆಂದೇ ಮಾಡುವ ಕೆಲಸ, ಯಾಕೆಂದರೆ ಕಾಯಿ ಕಟ್ಟಿದರೆ ಮಾತ್ರ ಅದರ ಮರಿಹುಳುಗಳಿಗೆ ಬೀಜ ಸಿಗುತ್ತದೆ. ಹುಳು ಒಂದಷ್ಟು ತಿನ್ನುತ್ತದೆ, ಉಳಿದದ್ದು ಮರಕ್ಕೆ. ನಮ್ಮ ಅತ್ತಿಹಣ್ಣಿಗೂ ಅದರೊಳಗಿನ ಹುಳುವಿಗೂ ಇರುವ ನಂಟಿನ ಹಾಗೇ ಅಲ್ವಾ? ಬೆಳೆದ ಹುಳು ಮಣ್ಣಿಗಿಳಿದು ಗೂಡು ಕಟ್ಟಿಕೊಳ್ಳುತ್ತದೆ. ಮರ ಎಲ್ಲ ವರ್ಷವೂ ಹೂ ಬಿಡುವುದಿಲ್ಲ, ಹುಳುವೂ ಮಣ್ಣಲ್ಲೇ ಕೆಲವು ವರ್ಷ ಕಾಯಬಲ್ಲದು.

ಇನ್ನೊಂದು ತಪ್ಪಿದೆ, ನನಗೆ ಜಾಸ್ತಿ ಬೇಜಾರಾಗಿದ್ದು ಅದಕ್ಕೇ. ಜೋಶುವಾ ಮರಕ್ಕೆ ಒಂದೇ ಪತಂಗ ಅಂತ ಬರೆದಿದ್ದೀರಿ. ಎರಡಿವೆ, ಮರದಲ್ಲೂ ಪಶ್ಚಿಮದ್ದು, ಪೂರ್ವದ್ದು ಅಂತ ಎರಡು ಬಗೆ. ನಾನು ಕಂಡದ್ದು ಪಶ್ಚಿಮದ ಮರಗಳ ಟೆಜೆಟಿಕ್ಯುಲಾ ಸಿಂಥೆಟಿಕಾ, 1892ರಲ್ಲಿ ಕೀಟತಜ್ಞ ರೈಲಿ ಹೆಸರಿಟ್ಟದ್ದು. ಪೂರ್ವದ ಮರಗಳಿಗೆ ಬರುವುದು ಅದಕ್ಕಿಂತ ಚಿಕ್ಕದು. ಅದು ಬೇರೆಯೇ ಜಾತಿ ಅಂತ ವಿಜ್ಞಾನಿ ಓಲೆ ಪೆಲ್ಮಿರ್ ತೋರಿಸಿ ಆಂಟಿಥೆಟಿಕಾ ಅಂತ ಕರೆದದ್ದು 2003ರಲ್ಲಿ. ಪೂರ್ವದ ಹೂವಿನ ಶಲಾಕೆಯೂ ಗಿಡ್ಡ, ಪತಂಗಕ್ಕೆ ತಕ್ಕ ಹಾಗೆ. ನೆವಾಡಾದ ಟಿಕಾಬೂ ಕಣಿವೆಯಲ್ಲಿ ಎರಡು ಬಗೆಯ ಮರ, ಎರಡೂ ಪತಂಗ ಒಟ್ಟಿಗೆ ಸಿಗುತ್ತವೆ.

ಹೆಸರಲ್ಲೇನಿದೆ ಅನ್ನಬೇಡಿ. 2020ರ ಆಗಸ್ಟ್‌ನಲ್ಲಿ ಮೊಹಾವಿಯ ಸೀಮಾ ಡೋಮ್ ಎಂಬ ಗುಡ್ಡದಲ್ಲಿ ಬೆಂಕಿ ಬಿದ್ದು ಸುಮಾರು 13 ಲಕ್ಷ ಜೋಶುವಾ ಮರಗಳು ಸುಟ್ಟವು. ಅವೆಲ್ಲ ಪೂರ್ವದ ಬಗೆಯವು. ಅಂದರೆ ಅಲ್ಲಿ ನೆಲೆ ಕಳೆದುಕೊಂಡದ್ದು ಆ ಚಿಕ್ಕ ಪತಂಗ, ನಿಮ್ಮ ಲೇಖನದಲ್ಲಿ ಹೆಸರೇ ಇಲ್ಲದ್ದು.

ದಯವಿಟ್ಟು ಮುಂದಿನ ಭಾನುವಾರ ಒಂದು ತಿದ್ದುಪಡಿ ಹಾಕಿ. ಕಪ್ಪು ಪತಂಗದ ಫೋಟೋ ಬೇಕಿದ್ದರೆ ನಾನು ತೆಗೆದದ್ದಿದೆ, ಕಳಿಸುತ್ತೇನೆ.

— ನಿಮ್ಮ ಓದುಗ, ದಕ್ಷಿಣ ಕ್ಯಾಲಿಫೋರ್ನಿಯಾ